ಅಡರಕಟ್ಟಿಯ ಬೀರಲಿಂಗಪ್ಪನ ನಾಲ್ಕು ಕೆಂಪು ಗುರುತುಗಳು

ತಪ್ಪನ್ನು ಕಂಡೂ ತಿದ್ದದೆ ಮುಂದೆ ಸಾಗುವವನು ತಪ್ಪು ಮಾಡಿದವನಿಗಿಂತ ದೊಡ್ಡ ಅಪರಾಧಿ ಎಂಬುದು ಲಕ್ಷ್ಮೇಶ್ವರದ ನಿವೃತ್ತ ಮುಖ್ಯಾಧ್ಯಾಪಕ ದತ್ತಾತ್ರಿ ಮಾಸ್ತರರ ಸಿದ್ಧಾಂತವಾಗಿತ್ತು. ಮೂವತ್ತಾರು ವರ್ಷ ಕನ್ನಡ ಶಾಲೆಗಳಲ್ಲಿ ಕಲಿಸಿ 1976ರಲ್ಲಿ ನಿವೃತ್ತರಾದ ಮೇಲೆ, ತಿದ್ದಲು ಮಕ್ಕಳ ಪುಸ್ತಕಗಳು ಸಿಗದೆ ಹೋದದ್ದರಿಂದ, ಅವರು ಊರನ್ನೇ ತಿದ್ದತೊಡಗಿದ್ದರು. ಮದುವೆಯ ಕರೆಯೋಲೆ ಬಂದರೆ ಅದರಲ್ಲಿ ತಿಥಿಗೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು ಪಂಚಾಂಗ ತೆಗೆದು ನೋಡಿ, ಇಲ್ಲವಾದರೆ ಕೆಂಪು ಶಾಯಿಯಲ್ಲಿ ಗುರುತಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ವಧುವಿನ ತಂದೆಗೇ ಮರಳಿಸುತ್ತಿದ್ದರು. ಎರಡು ವರ್ಷಗಳಲ್ಲಿ ಅವರ ಮನೆಗೆ ಬರುವ ಕರೆಯೋಲೆಗಳು ಬಹಳ ಕಡಿಮೆಯಾದವು. ಊರಿನಲ್ಲಿ ಮದುವೆಗಳೇ ಕಡಿಮೆಯಾಗಿವೆ ಎಂದು ಮಾಸ್ತರರು ತಿಳಿದಿದ್ದರು. ಅವರ ಹೆಂಡತಿ ವಿಮಲಾಬಾಯಿ ಈ ಒಂದು ತಿಳಿವಳಿಕೆಯನ್ನು ಮಾತ್ರ ತಿದ್ದಲು ಹೋಗಿರಲಿಲ್ಲ.

1978ರ ಆಗಸ್ಟ್ ಹದಿನೈದರಂದು ಅಡರಕಟ್ಟಿಯ ಶಾಲೆಯಲ್ಲಿ ಧ್ವಜ ಏರಿಸಲು ಮಾಸ್ತರರನ್ನು ಕರೆದಿದ್ದರು. ಆ ಶಾಲೆಯಲ್ಲಿ ಅವರು ಹನ್ನೆರಡು ವರ್ಷ ಕಲಿಸಿದವರು. ವೇದಿಕೆಯ ಮೇಲಿದ್ದ ಮೂರು ಕುರ್ಚಿಗಳಲ್ಲಿ ಒಂದು ಮಾಸ್ತರರಿಗೆ, ಒಂದು ತರುಣ ಸಂಘದ ಅಧ್ಯಕ್ಷ ಕುಬೇರಪ್ಪನಿಗೆ, ಮೂರನೆಯದು ಊರಿನ ಏಕೈಕ ಮಾಜಿ ಸೈನಿಕ ಬೀರಲಿಂಗಪ್ಪನಿಗೆ. ಬೀರಲಿಂಗಪ್ಪ ಹದಿನೈದು ವರ್ಷ ಫೌಜಿನಲ್ಲಿದ್ದವನು. ಗುಡ್ಡಗಾಡಿನಲ್ಲಿ ಗುಂಡು, ರೊಟ್ಟಿ, ನೀರು ಹೊರುವ ಹೇಸರಗತ್ತೆಗಳನ್ನು ನಡೆಸುವುದು ಅವನ ಕೆಲಸವಾಗಿತ್ತು. ಅರವತ್ತೈದರ ಯುದ್ಧಕ್ಕೆ ಒಂದು, ಎಪ್ಪತ್ತೊಂದರ ಯುದ್ಧಕ್ಕೆ ಒಂದು, ಹೀಗೆ ಅವನ ಎದೆಯ ಮೇಲೆ ಎರಡು ಪದಕಗಳಿದ್ದವು. ಅವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಅವನ ಹೆಂಡತಿ ಫಕ್ಕೀರವ್ವ ಮುಖ ಕಾಣುವಷ್ಟು ಹೊಳೆಯಿಸಿದ್ದಳು.

ಕುಬೇರಪ್ಪ ಫಕ್ಕೀರವ್ವನ ತಮ್ಮ. ಅಕ್ಕನ ಗಂಡ ತನ್ನ ಸರಿಸಮ ಕುರ್ಚಿಯಲ್ಲಿ ಕುಳಿತುಕೊಳ್ಳುವುದು, ಅದರ ಮೇಲೆ ತನಗಿಂತ ಹೆಚ್ಚು ಹೊಳೆಯುವುದು, ಅವನಿಗೆ ಸಹಿಸಲಾಗದ ಸಂಗತಿಯಾಗಿತ್ತು. ಆ ದಿನ ಅವನು ಎಲ್ಲರೆದುರಿಗೆ ಭಾವನ ಸೇವಾ ಪುಸ್ತಕ ಕೇಳಿದ. ಫೌಜಿನಿಂದ ಬಿಡುಗಡೆಯಾಗುವಾಗ ಪ್ರತಿ ಸೈನಿಕನ ಕೈಗೆ ಕೊಡುವ, ಅವನ ಹುಟ್ಟು, ಎತ್ತರ, ಸೇವೆ, ಪದಕ ಎಲ್ಲವನ್ನೂ ಬರೆದಿರುವ ಪುಸ್ತಕ ಅದು. ಬೀರಲಿಂಗಪ್ಪ ಅದನ್ನು ಎಂದೂ ಓದಿರಲಿಲ್ಲ. ಆದರೆ ಹಬ್ಬದ ದಿನ ಜೇಬಿನಲ್ಲಿಟ್ಟುಕೊಳ್ಳದೆ ಹೊರಬೀಳುತ್ತಿರಲಿಲ್ಲ. ಕುಬೇರಪ್ಪ ಪುಟ ತಿರುವಿದ. ಪದಕಗಳ ಕಲಮಿನಲ್ಲಿ, ಏನೂ ಇಲ್ಲ ಎಂದು ಬರೆದಿತ್ತು.

"ಪುಸ್ತಕದಾಗ ಇಲ್ಲದ್ದು ಎದಿ ಮ್ಯಾಲ ಹೆಂಗ ಬಂತೋ ಮಾವಾ?" ಎಂದ ಕುಬೇರಪ್ಪ. "ಹೇಸರಗತ್ತಿ ಕೊಳ್ಳಾಗಿನ ಬಿಲ್ಲಿ ಬಿಚ್ಚಿಕೊಂಡ ಬಂದೀಯೇನು?"

ಸಭೆ ನಕ್ಕಿತು. ಬೀರಲಿಂಗಪ್ಪ ಎರಡೂ ಪದಕಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ವೇದಿಕೆಯಿಂದಿಳಿದು, ಹಿಂದೆ ಹೋಗಿ ನೆಲದ ಮೇಲೆ ಕುಳಿತ.

ಮಾಸ್ತರರ ಮೈ ಉರಿದುಹೋಯಿತು. ಬೀರಲಿಂಗಪ್ಪ ನಾಲ್ಕನೆಯ ಇಯತ್ತೆಯವರೆಗೆ ಅವರ ಕೈಕೆಳಗೆ ಕಲಿತವನು. ಗಣಿತದಲ್ಲಿ ಅವನಿಗೆ ಎಂದೂ ಹದಿನೆಂಟರ ಮೇಲೆ ಬಿದ್ದಿರಲಿಲ್ಲ ಎಂಬುದು ನಿಜ. ಆದರೆ ಅವನು ಸುಳ್ಳು ಹೇಳಿದ್ದನ್ನು ಅವರು ಕೇಳಿರಲಿಲ್ಲ. ಯಾವನೋ ಒಬ್ಬ ಕಾರಕೂನನ ಸೋಮಾರಿತನದಿಂದ ಒಬ್ಬ ಪ್ರಾಮಾಣಿಕನು ಶಾಲೆಯ ಅಂಗಳದಲ್ಲಿಯೇ ಕಳ್ಳನೆನಿಸಿಕೊಳ್ಳುವುದಾದರೆ, ಆ ಅಂಗಳದಲ್ಲಿ ಹನ್ನೆರಡು ವರ್ಷ ನೀತಿ ಬೋಧಿಸಿದ್ದು ಯಾವ ಪುರುಷಾರ್ಥಕ್ಕೆ? ಸ್ವಾತಂತ್ರ್ಯದ ಬಗ್ಗೆ ಬರೆದುಕೊಂಡು ಬಂದಿದ್ದ ಭಾಷಣವನ್ನು ಮಡಚಿಟ್ಟು ಅವರು ಎದ್ದು ನಿಂತರು.

"ಬೀರಲಿಂಗಪ್ಪಾ, ಈ ಪುಸ್ತಕ ನಾ ತಿದ್ದಿಸ್ತೀನಿ. ನೀ ನಿನ್ನ ಪದಕಾ ಹಾಕ್ಕೊಂಡು ಈ ಕುರ್ಚಿ ಮ್ಯಾಲ ಕೂಡೋತನಕ ನಾನೂ ಇಲ್ಲೆ ಕೂಡೂದಿಲ್ಲ."

ಹೀಗೆಂದು ಅವರು ನಿಂತೇ ಧ್ವಜ ಏರಿಸಿದರು. ಧ್ವಜವನ್ನು ಯಾರೂ ಕುಳಿತು ಏರಿಸುವುದಿಲ್ಲವಾದ್ದರಿಂದ ಪ್ರತಿಜ್ಞೆಯ ತೂಕ ಜನರಿಗೆ ಕೂಡಲೆ ತಿಳಿಯಲಿಲ್ಲ. ಅನಂತರ ಪೇಢೆ ಹಂಚಿದಾಗಲೂ, ಚಹಾ ಕೊಟ್ಟಾಗಲೂ, ಬಿಸಿಲಿನಲ್ಲಿ ಎರಡು ತಾಸು ಬಸ್ಸು ಕಾಯುವಾಗಲೂ ಅವರು ನಿಂತೇ ಇದ್ದುದನ್ನು ನೋಡಿ ತಿಳಿಯಿತು.

ಮರುವಾರವೇ ಮಾಸ್ತರರು ಅರ್ಜಿ ಬರೆದರು. ಹನ್ನೊಂದು ಪುಟದ ಅರ್ಜಿ ಅದು. ಪ್ರಜೆಯ ಬಗ್ಗೆ ರಾಜ್ಯದ ಕರ್ತವ್ಯವೇನು ಎಂಬಲ್ಲಿಂದ ಪ್ರಾರಂಭವಾಗಿ, ಹತ್ತನೆಯ ಪುಟದಲ್ಲಿ ಹೇಸರಗತ್ತೆಗಳನ್ನು ತಲುಪುತ್ತಿತ್ತು. ಬೆಟಗೇರಿಯಲ್ಲಿ ಟೈಪಿಂಗ್ ಶಾಲೆ ಇಟ್ಟಿದ್ದ ಯಮನೂರಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿ ಬಡಿದುಕೊಟ್ಟ. ಮೊದಲಿನ ಒಂಬತ್ತು ಪುಟ ಬಿಟ್ಟರೆ ಕೆಲಸ ಬೇಗ ಆದೀತು ಎಂದು ಅವನು ವಿನಯದಿಂದ ಸೂಚಿಸಿದ. ತಳಹದಿಯಿಲ್ಲದೆ ಮನೆ ಕಟ್ಟುವವನು ನೀನೊಬ್ಬನೇ ಎಂದು ಮಾಸ್ತರರು ಅವನನ್ನು ಗದರಿದರು. ಉತ್ತರ ದೇಶದಲ್ಲೆಲ್ಲೋ ಇದ್ದ ಸೈನ್ಯದ ದಾಖಲೆ ಕಚೇರಿಗೆ ಅರ್ಜಿ ಹೋಯಿತು. ಆರು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಮೂಲ ಸೇವಾ ಪುಸ್ತಕವನ್ನು ಪರಿಶೀಲನೆಗೆ ಕಳಿಸಬೇಕೆಂದು ಅದರಲ್ಲಿತ್ತು.

ಬೀರಲಿಂಗಪ್ಪ ಪುಸ್ತಕ ತಂದುಕೊಟ್ಟು ಹೋದ. ಅದನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಮ್ಮ ಕೈಗೆ ಬಂದ ಪುಸ್ತಕವನ್ನು ನೋಡದೆ ಹಿಂತಿರುಗಿಸುವ ಮಾಸ್ತರನು ಸಂಬಳಕ್ಕಷ್ಟೇ ಮಾಸ್ತರನು. ಊಟವಾದ ಮೇಲೆ ದತ್ತಾತ್ರಿಯವರು ಕನ್ನಡಕ ಹಾಕಿಕೊಂಡು, ಮೇಜಿನೆದುರು ಕುಳಿತು, ಕೆಂಪು ಶಾಯಿಯ ಲೇಖನಿಯನ್ನು ತೆಗೆದರು. ತಂದೆಯ ಹೆಸರು ಅರ್ಧಕ್ಕೇ ನಿಂತಿತ್ತು, ಪೂರ್ತಿಗೊಳಿಸಿದರು. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಹೋಗಿತ್ತು, ಬಲಕ್ಕೆ ತಂದರು. ಅಡರಕಟ್ಟಿ ಬಿಜಾಪುರ ಜಿಲ್ಲೆಯಲ್ಲಿತ್ತು; ಧಾರವಾಡಕ್ಕೆ ತಂದರು. ಪದಕಗಳ ಕಲಮಿನಲ್ಲಿ ಎರಡೂ ಪದಕಗಳ ಹೆಸರನ್ನು ಸ್ಪಷ್ಟವಾಗಿ ಬರೆದರು. ನಾಲ್ಕೂ ಕಡೆ ದುಂಡಗೆ ಸುತ್ತು ಎಳೆದು, ಸಹಿ ಮಾಡಿ, ತಾರೀಖು ಹಾಕಿದರು. ಕೊನೆಯ ಪುಟದಲ್ಲಿ ನೂರಕ್ಕೆ ನಲವತ್ತೊಂದು ಅಂಕ ಕೊಟ್ಟರು. ಅಷ್ಟು ಕೊಟ್ಟದ್ದೂ ಸೈನ್ಯದ ಮೇಲಿನ ಗೌರವದಿಂದ.

ನಾಲ್ಕು ತಿಂಗಳಿಗೆ ರಿಜಿಸ್ಟರ್ಡ್ ಉತ್ತರ ಬಂತು. ಅದು ಬೀರಲಿಂಗಪ್ಪನ ಹೆಸರಿಗೆ, ಮಾಸ್ತರರ ವಿಳಾಸಕ್ಕೆ ಬಂದಿತ್ತು. ಮಾಸ್ತರರು ಅವನನ್ನು ಕರೆಸಿ, ಕುಳ್ಳಿರಿಸಿ, ವಿಮಲಾಬಾಯಿಯವರಿಗೆ ಅವಲಕ್ಕಿ ಮಾಡಲು ಹೇಳಿ, ಪತ್ರವನ್ನು ಕನ್ನಡಕ್ಕೆ ತಿರುಗಿಸುತ್ತಾ ಓದತೊಡಗಿದರು. ಸದರಿ ಸೈನಿಕನ ಪುಸ್ತಕದಲ್ಲಿ ನಾಲ್ಕು ಕೆಂಪು ಶಾಯಿಯ ನಮೂದುಗಳು ಕಂಡುಬಂದಿವೆ. ನಾಲ್ಕು ಕೆಂಪು ನಮೂದುಗಳಿರುವವನು ಸೇವೆಗೆ ಅಯೋಗ್ಯನು. ಇಂಥವನಿಗೆ ಪದಕದ ಪ್ರಶ್ನೆಯೇ ಏಳುವುದಿಲ್ಲ. ಇವನನ್ನು ಗೌರವಪೂರ್ವಕ ಬಿಡುಗಡೆ ಮಾಡಿದ್ದು ಹೇಗೆಂಬ ಬಗ್ಗೆ ವಿಚಾರಣೆ ಪ್ರಾರಂಭವಾಗಿದೆ.

ಬೀರಲಿಂಗಪ್ಪ ಅವಲಕ್ಕಿಯ ತಾಟನ್ನು ನೆಲಕ್ಕಿಟ್ಟ. ಫೌಜಿನಲ್ಲಿ ಶಿಕ್ಷೆಯಾದವರ ಹೆಸರಿನ ಮುಂದೆ ಮಾತ್ರ ಕೆಂಪು ಶಾಯಿ ಬೀಳುತ್ತದೆಂದು ಅವನು ನಿಧಾನವಾಗಿ ತಿಳಿಸಿ ಹೇಳಿದ. ಕುಡಿದು ಬಿದ್ದರೆ ಒಂದು, ರಜೆ ಮುಗಿದ ಮೇಲೆ ಬಂದರೆ ಒಂದು. ನಾಲ್ಕಾದರೆ ಗಂಟುಮೂಟೆ ಕಟ್ಟಿಸಿ ಮನೆಗೆ ಕಳಿಸುತ್ತಾರೆ. ಕೆಂಪು ಬಣ್ಣ ಕಂಡರೆ ದೊಡ್ಡ ದೊಡ್ಡ ಹವಾಲ್ದಾರರೇ ಬೆವರುತ್ತಾರೆ.

"ಹದಿನೈದ ವರ್ಷದಾಗ ನನಗ ಒಂದೂ ಬಿದ್ದಿರಲಿಲ್ರಿ ಸರ," ಎಂದ ಅವನು. "ನೀವು ಒಂದ ಮಧ್ಯಾಹ್ನದಾಗ ನಾಕು ಹಾಕೀರಿ."

ಮಾಸ್ತರರು ಉತ್ತರಿಸಲು ಬಾಯಿ ತೆರೆದರು. ಕೆಂಪು ಶಾಯಿ ಶಿಕ್ಷೆಯಲ್ಲ, ಅದು ಶಿಕ್ಷಣ. ಜಗತ್ತಿನಲ್ಲಿ ಎಲ್ಲ ಕಡೆ ಹಾಗೆಯೇ ಇರುವಾಗ ಸೈನ್ಯವು ಬೇರೊಂದು ಅರ್ಥವನ್ನು ಕಟ್ಟಿಕೊಂಡು ಕುಳಿತರೆ ಅದು ಸೈನ್ಯದ ಅಜ್ಞಾನ. ಇಷ್ಟನ್ನು ಅವರು ಹೇಳುವಷ್ಟರಲ್ಲಿ ಬೀರಲಿಂಗಪ್ಪ ಕೈಮುಗಿದು ಹೊರಟುಹೋಗಿದ್ದ. ಅವನ ಅವಲಕ್ಕಿ ಹಾಗೆಯೇ ಇತ್ತು.

ಇಂಥ ಸುದ್ದಿಗೆ ಲಕ್ಷ್ಮೇಶ್ವರದಿಂದ ಅಡರಕಟ್ಟಿಗೆ ಹೋಗಲು ಬಸ್ಸು ಬೇಕಾಗುವುದಿಲ್ಲ. ನಾಲ್ಕು ಶಿಕ್ಷೆಗಳಾಗಿವೆ ಎಂಬುದಷ್ಟೇ ಊರಿಗೆ ತಿಳಿಯಿತು. ಯಾವ ನಾಲ್ಕು ಅಪರಾಧಗಳು ಎಂಬುದನ್ನು ಊರೇ ಪೂರೈಸಿಕೊಂಡಿತು. ಕುಬೇರಪ್ಪ ಕಟ್ಟೆಯ ಮೇಲೆ ಕುಳಿತು ದಿನಕ್ಕೊಂದನ್ನು ಬಿಡುಗಡೆ ಮಾಡತೊಡಗಿದ. ಸೋಮವಾರದಂದು ಬೀರಲಿಂಗಪ್ಪ ಸರಕಾರದ ಹೇಸರಗತ್ತೆಯನ್ನು ಸಂತೆಯಲ್ಲಿ ಮಾರಿದ್ದ. ಮಂಗಳವಾರದಂದು ಕರ್ನಲ್ಲನ ಕೋಳಿ ತಿಂದಿದ್ದ. ಬುಧವಾರದಂದು ಗುಂಡಿನ ಪೆಟ್ಟಿಗೆಯೆಂದು ಉಳ್ಳಾಗಡ್ಡಿಯ ಪೆಟ್ಟಿಗೆಯನ್ನು ಗುಡ್ಡಕ್ಕೆ ಹೊರಿಸಿ, ಒಂದು ಇಡೀ ಪಲ್ಟಣವನ್ನು ವೈರಿಯ ಮುಂದೆ ಕಣ್ಣೀರು ಹಾಕಿಸಿದ್ದ. ಗುರುವಾರ ಕುಬೇರಪ್ಪನಿಗೆ ಗದಗಿನಲ್ಲಿ ಕೆಲಸವಿದ್ದುದರಿಂದ ನಾಲ್ಕನೆಯದು ಉಳಿಯಿತು. ಅದೇ ಎಲ್ಲಕ್ಕಿಂತ ಘೋರವಾದುದೆಂದು ಜನ ನಿರ್ಧರಿಸಿದರು. ಸತ್ಯವನ್ನು ಹೇಳಲು ಹನ್ನೊಂದು ಪುಟ ಬೇಕು, ಸುಳ್ಳಿಗೆ ಒಂದು ಕಟ್ಟೆ ಸಾಕು; ಇದು ನಮ್ಮ ಸಮಾಜದ ಸ್ಥಿತಿ.

ಶುಕ್ರವಾರದ ಸಂತೆಗೆ ಬಂದ ಫಕ್ಕೀರವ್ವ ನೇರವಾಗಿ ಮಾಸ್ತರರ ಮನೆಗೆ ಬಂದಳು. ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. ಗಂಡ ನಾಲ್ಕು ದಿನದಿಂದ ಮನೆಬಿಟ್ಟು ಹೊರಬೀಳುತ್ತಿಲ್ಲವೆಂದೂ, ಕ್ಷೌರಕ್ಕೂ ಹೋಗುತ್ತಿಲ್ಲವೆಂದೂ ಹೇಳಿದಳು.

"ಮಾಸ್ತರ್ರ, ನೀವು ಕೈ ಹಾಕೋಕಿಂತ ಮೊದ್ಲ ಅವರಿಗೆ ಪದಕಾ ಅಷ್ಟ ಇರಲಿಲ್ಲ. ಈಗ ಮಾನಾನೂ ಇಲ್ಲ. ಅದೇನ್ ಕೆಂಪಂದು ಬರದೀರಿ, ಅದನ್ನ ನೆಕ್ಕಿ ತಗೀತೀರೋ, ಒರಸಿ ತಗೀತೀರೋ, ನನಗ ಗೊತ್ತಿಲ್ಲ. ತಗೀಬೇಕು."

ಮಾಸ್ತರರು ಆ ಸಂಜೆಯೇ ಇನ್ನೊಂದು ಪತ್ರ ಬರೆದರು. ಅದು ಒಂಬತ್ತು ಪುಟವಾಯಿತು. ಕೆಂಪು ಶಾಯಿಯ ಸ್ವರೂಪ, ಶಿಕ್ಷಣದಲ್ಲಿ ಅದರ ಸ್ಥಾನ, ತಿದ್ದುವವನ ಅಧಿಕಾರ ಎಂದು ಮೂರು ಭಾಗಗಳಿದ್ದವು. ಕಚೇರಿಯವರು ಮೊದಲೇ ಸರಿಯಾಗಿ ಬರೆದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದನ್ನು ನಾಲ್ಕು ಬಗೆಯಲ್ಲಿ ಹೇಳಿದ್ದರು. ವಿಮಲಾಬಾಯಿ ಮೆಂತ್ಯದ ಸೊಪ್ಪು ಸೋಸುತ್ತಾ ಮಾಸ್ತರರು ಓದಿದ್ದನ್ನು ಕೊನೆಯವರೆಗೆ ಕೇಳಿದರು. ಅನಂತರ, ಇದರಲ್ಲಿ ತಪ್ಪು ಮಾಡಿದವರು ಯಾರೆಂಬುದು ತಮಗೆ ತಿಳಿಯಲಿಲ್ಲ ಎಂದರು. ಅದು ಸ್ಪಷ್ಟವಾಗಿಯೇ ಇದೆ, ಕಚೇರಿ ಎಂದು ಮಾಸ್ತರರು ಹೇಳಿದರು. ವಿಮಲಾಬಾಯಿ ಸೊಪ್ಪು ಎತ್ತಿಕೊಂಡು ಒಳಗೆ ಹೋದರು.

ಅದಕ್ಕೂ ಉತ್ತರ ಬಂತು, ಅದೂ ಬಹಳ ಬೇಗ. ಕೆಂಪು ನಮೂದನ್ನು ಅದನ್ನು ಮಾಡಿದ ಅಧಿಕಾರಿಯೇ ರದ್ದುಪಡಿಸಬೇಕೆಂಬ ನಿಯಮವಿದೆ. ಆದ್ದರಿಂದ ನಾಲ್ಕೂ ಕಡೆ ಸಹಿ ಮಾಡಿರುವ ದತ್ತಾತ್ರಿ ಎಂಬ ಅಧಿಕಾರಿಯು ತನ್ನ ಹುದ್ದೆಯನ್ನೂ ಪಲ್ಟಣವನ್ನೂ ಕೂಡಲೆ ತಿಳಿಸಬೇಕು ಎಂದು ಅದರಲ್ಲಿ ಬರೆದಿತ್ತು. ಅಷ್ಟು ನಿರ್ದಾಕ್ಷಿಣ್ಯವಾಗಿ ಸುತ್ತು ಎಳೆದವನು ದೊಡ್ಡ ಅಧಿಕಾರಿಯೇ ಇರಬೇಕೆಂದು ಪಾಪ, ಒಂಬತ್ತು ಪುಟಗಳನ್ನು ಓದದೆಯೇ ಅವರು ನಂಬಿಬಿಟ್ಟಿದ್ದರು.

ಈ ಪತ್ರವನ್ನು ಹಿಡಿದುಕೊಂಡು ಮಾಸ್ತರರು ಬೀರಲಿಂಗಪ್ಪನನ್ನೂ ಕರೆದುಕೊಂಡು ಬೆಟಗೇರಿಗೆ ಹೋದರು. ಯಮನೂರಪ್ಪ ಪತ್ರ ಓದಿ, ಬಾಗಿಲು ಮುಂದೆ ಮಾಡಿ ಬಂದು, ತಗ್ಗಿದ ದನಿಯಲ್ಲಿ ಹೇಳಿದ: ಕೆಲಸ ಆದಂತೆಯೇ. ಮೇಜರ್ ದತ್ತಾತ್ರಿ ಎಂದು ಟೈಪ್ ಮಾಡಿ, ನಾಲ್ಕೂ ನಮೂದು ರದ್ದು, ಎರಡೂ ಪದಕ ಮಂಜೂರು ಎಂದು ಬರೆದು ಕಳಿಸಿದರೆ ಎಂಟು ದಿನದಲ್ಲಿ ಪುಸ್ತಕ ಬರುತ್ತದೆ. ಪಲ್ಟಣದ ಹೆಸರನ್ನು ಬೀರಲಿಂಗಪ್ಪ ಹೇಳಿದರಾಯಿತು.

ಮಾಸ್ತರರು ಬೀರಲಿಂಗಪ್ಪನ ಕಡೆ ನೋಡಿದರು. ಅವನು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ.

"ಎರಡ ದಿನದ ಮಟ್ಟಿಗೆ ಆಗ್ರಿ ಸರ," ಎಂದ. "ಮೇಜರ್ ಸಾಹೇಬ್ರು ನಿಮ್ಮಂಗ ಇರ್ತಿದ್ರು. ಸುಮ್ಮಸುಮ್ಮನ ಒದರವ್ರು."

ಒಂದು ಕ್ಷಣ, ಕೇವಲ ಒಂದೇ ಕ್ಷಣ, ಮಾಸ್ತರರು ಟೈಪಿಂಗ್ ಶಾಲೆಯ ಕನ್ನಡಿಯಲ್ಲಿ ತಮ್ಮ ಭುಜಗಳನ್ನು ನೋಡಿಕೊಂಡರು. ಅನಂತರ ಆ ಕ್ಷಣಕ್ಕಾಗಿಯೇ ಅವರಿಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಸುಳ್ಳಿನಿಂದ ಬಂದ ಪದಕ ನಿಜವಾದ ಪದಕವನ್ನೂ ಸುಳ್ಳು ಮಾಡುತ್ತದೆ ಎಂದು ಇಬ್ಬರಿಗೂ ಅರ್ಧ ತಾಸು ಬೋಧಿಸಿ, ಬಸ್ಸು ಹತ್ತಿ ಊರಿಗೆ ಬಂದರು. ಮನೆಯಲ್ಲಿ ವಿಮಲಾಬಾಯಿಯವರಿಗೂ ಅದನ್ನೇ ಮೊದಲಿನಿಂದ ಹೇಳಿದರು. ತಾವು ಮೇಜರ್ ಅಲ್ಲ, ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರ ಎಂದು ನಾಳೆಯೇ ಬರೆದು ಹಾಕುವುದಾಗಿ ಘೋಷಿಸಿದರು.

"ಬರೀರಿ. ಛೊಲೊ ಆತು," ಎಂದರು ವಿಮಲಾಬಾಯಿ. "ಮೇಜರ್ ಅಲ್ಲ ಅನ್ನೂದು ಖರೆ ಅದ ಅಂತ ಬರೀತೀರಿ. ತಪ್ಪು ನಂದು ಅನ್ನೂದೂ ಖರೇನ ಅದಲ್ಲಾ, ಅದನ್ಯಾಕ ಬರ್ಯಂಗಿಲ್ಲ?"

ಮಾಸ್ತರರು ಸೈನ್ಯದ ಅಜ್ಞಾನದ ಬಗ್ಗೆ ಹೇಳಹೊರಟರು.

"ಪುಸ್ತಕ ಯಾರ್ದು? ಅವಂದು. ತಿದ್ದು ಅಂತ ಯಾರರೆ ನಿಮಗ ಕೊಟ್ಟಿದ್ರೇನು? ಕಳಸು ಅಂತ ಕೊಟ್ಟಿದ್ರು. ಹುಡುಗ್ರು ಹಿಂಗ ಮಾಡಿದ್ರ ನೀವೇನ್ ಮಾಡಸ್ತಿದ್ರಿ? ತಪ್ಪನ್ನ ಹತ್ತು ಸಲ ಬರಸ್ತಿದ್ರಿ. ನಿಮ್ಮ ಮಗಾ ಮಾರ್ತಾಂಡನ ಕಡಿಂದ ಜ್ವರದಾಗ ಬರಿಸೀರಿ."

ಮಾಸ್ತರರು ಇದಕ್ಕೆ ಉತ್ತರ ಹುಡುಕಿದರು, ಸ್ನಾನದಲ್ಲಿ ಹುಡುಕಿದರು, ಸಂಧ್ಯಾವಂದನೆಯಲ್ಲಿ ಹುಡುಕಿದರು, ಮೂರು ದಿನ ಹುಡುಕಿದರು. ನಿಯಮವು ಇತರರಿಗೆ ಮಾತ್ರ ಅನ್ವಯಿಸುತ್ತದೆ ಎಂಬ ಒಂದೇ ಒಂದು ಉತ್ತರ ದೊರೆಯಿತು. ಅದನ್ನು ಹೇಳುವವರನ್ನು ಅವರು ಜೀವಮಾನವಿಡೀ ತಿರಸ್ಕರಿಸಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಫೂಲ್‌ಸ್ಕೇಪ್ ಹಾಳೆಗೆ ಅಂಚು ಮಡಚಿ, ಕಪ್ಪು ಶಾಯಿಯಲ್ಲಿ, ತಮ್ಮ ಪ್ರಖ್ಯಾತವಾದ ದುಂಡಕ್ಷರದಲ್ಲಿ ಬರೆಯತೊಡಗಿದರು. ತಪ್ಪು ಮಾಡಿದವನು ಕನ್ನಡ ಶಾಲೆಯ ಮಾಸ್ತರನಾದ ಮೇಲೆ ಒಪ್ಪಿಕೊಳ್ಳುವುದೂ ಕನ್ನಡದಲ್ಲಿಯೇ ಎಂದು ನಿರ್ಧರಿಸಿದ್ದರು. "ಅಡರಕಟ್ಟಿಯ ಬೀರಲಿಂಗಪ್ಪನ ಪುಸ್ತಕದಲ್ಲಿ ಅಧಿಕಾರವಿಲ್ಲದೆ ಕೆಂಪು ಗುರುತು ಹಾಕಿದವನು ದತ್ತಾತ್ರಿ ಮಾಸ್ತರನಾದ ನಾನು, ತಪ್ಪು ನನ್ನದು, ಅವನದಲ್ಲ." ಇದನ್ನು ಹತ್ತು ಸಲ ಬರೆದರು. ಆರನೆಯ ಸಲ ಬರೆಯುವಾಗ ವಿಮಲಾಬಾಯಿ ಪಕ್ಕದಲ್ಲಿ ನಿಂತು, ಅಕ್ಷರ ಓರೆಯಾಯಿತೆಂದು ಹೇಳಿದರು.

ಹಾಳೆಯನ್ನು ದೃಢೀಕರಿಸಲು ಶಿರಹಟ್ಟಿಯ ತಾಲ್ಲೂಕು ಕಚೇರಿಗೆ ಹೋದಾಗ ಅಲ್ಲಿಯ ಅಧಿಕಾರಿ ಕೆಳಗೆ ಒಂದು ಮುದ್ರೆ ಒತ್ತಿ ಕೊಟ್ಟರು. ಮಾಸ್ತರರು ಒಪ್ಪಲಿಲ್ಲ. ಹತ್ತು ಸಲ ಒಪ್ಪಿಕೊಂಡಿದ್ದೇನೆ, ಹತ್ತಕ್ಕೂ ಮುದ್ರೆ ಬೇಕು, ಒಂಬತ್ತನ್ನು ಅನಾಥವಾಗಿ ಕಳಿಸಲಾರೆ ಎಂದು ಹಟ ಹಿಡಿದರು. ಊಟದ ವೇಳೆ ಸಮೀಪಿಸುತ್ತಿದ್ದುದರಿಂದ ಅಧಿಕಾರಿ ವಾದಿಸಲಿಲ್ಲ. ಇಂಗ್ಲಿಷ್ ಸಾರಾಂಶವನ್ನು ಯಮನೂರಪ್ಪ ಮೂರು ಸಾಲಿನಲ್ಲಿ ಟೈಪ್ ಮಾಡಿದ. ಮಾಸ್ತರರು ಮೊದಲ ಬಾರಿಗೆ ಅದನ್ನು ಹಿಗ್ಗಿಸಲಿಲ್ಲ.

1980ರ ಜುಲೈಯಲ್ಲಿ ಹೊಸ ಪುಸ್ತಕವೇ ಬಂತು. ಹಳೆಯದರಲ್ಲಿ ಕೆಂಪನ್ನು ಅಳಿಸಲು ಬರುವುದಿಲ್ಲವಾದ್ದರಿಂದ ಪಲ್ಟಣದ ಮೂಲ ಕಾಗದಗಳನ್ನು ತರಿಸಿ ಹೊಸದನ್ನು ಸಿದ್ಧಪಡಿಸಲಾಗಿದೆಯೆಂದೂ, ಆ ಕಾಗದಗಳಲ್ಲಿ ಎರಡೂ ಪದಕಗಳು ಸ್ಪಷ್ಟವಾಗಿ ಇರುವುದರಿಂದ ಅವನ್ನು ನಮೂದಿಸಲಾಗಿದೆಯೆಂದೂ ಪತ್ರದಲ್ಲಿತ್ತು. ಕೊನೆಯ ಸಾಲು ಬೇರೆಯಾಗಿತ್ತು. ಈ ಬದಲಾವಣೆಗೆ ಆಧಾರವಾದ ಮೂಲ ಹೇಳಿಕೆಯನ್ನು ಪುಸ್ತಕದ ಅಂಗವಾಗಿ ಸೇರಿಸಲಾಗಿದೆ. ಅದನ್ನು ಯಾವ ಕಾರಣಕ್ಕೂ ತೆಗೆಯಕೂಡದು. ಮಾಸ್ತರರು ಪುಸ್ತಕದ ಕೊನೆಗೆ ಹೋಗಿ ನೋಡಿದರು. ಹತ್ತು ಮುದ್ರೆಗಳ ಆ ಹಾಳೆಯನ್ನು ಓದಲಾರದ ಯಾವನೋ ಶ್ರದ್ಧಾವಂತ ಕಾರಕೂನನು, ಇದು ಬಹು ದೊಡ್ಡ ಆದೇಶವಿರಬೇಕೆಂದು, ಅಂಚಿಗೆ ಅಂಟು ಹಚ್ಚಿ, ದಾರ ಹೊಲಿದು, ಅರಗು ಹಾಕಿ ಭದ್ರಪಡಿಸಿದ್ದ.

ಆ ಆಗಸ್ಟ್ ಹದಿನೈದರಂದು ಅಡರಕಟ್ಟಿಯ ವೇದಿಕೆಗೆ ಬೀರಲಿಂಗಪ್ಪ ಎರಡೂ ಪದಕಗಳನ್ನು ಹಾಕಿಕೊಂಡು ಬಂದ. ಎರಡು ವರ್ಷ ಡಬ್ಬಿಯಲ್ಲಿದ್ದು ಮಂಕಾಗಿದ್ದವನ್ನು ಫಕ್ಕೀರವ್ವ ಮತ್ತೆ ತಿಕ್ಕಿದ್ದಳು. ಅವನು ಕುಳಿತ ಮೇಲೆ ಮಾಸ್ತರರು ಕುಳಿತರು. ಕುಬೇರಪ್ಪ ಧ್ವನಿವರ್ಧಕದ ಮುಂದೆ ನಿಂತು, ನಿಯಮವೆಂದರೆ ನಿಯಮ ಎಂದು ಹೇಳಿ, ಪುಸ್ತಕ ಕೇಳಿದ. ಪದಕಗಳ ಕಲಮು ತೆರೆದು ನೋಡಿದ. ಎರಡೂ ಇದ್ದವು. ಅವನ್ನು ಓದುವಾಗ ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು. ಜನ ಚಪ್ಪಾಳೆ ತಟ್ಟಿದರು. ಫಕ್ಕೀರವ್ವ ತಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ತಟ್ಟಿದಳು.

ಪುಸ್ತಕ ಮುಚ್ಚುವ ಮೊದಲು ಕುಬೇರಪ್ಪನ ಕಣ್ಣಿಗೆ ಕೊನೆಯ ಹಾಳೆ ಬಿತ್ತು. ಕನ್ನಡದಲ್ಲಿ ಏನೋ ಬರೆದಿದೆ, ಅದರ ಮೇಲೆ ಅರಗು, ಸಾಲು ಸಾಲು ಮುದ್ರೆ. ಭಾವನ ನಾಲ್ಕನೆಯ ಅಪರಾಧ ಸಿಕ್ಕಿತೆಂದು ಅವನಿಗೆ ಜೀವ ಬಂದಂತಾಯಿತು. ಕೆಮ್ಮಿ, ಕಂಠ ಸರಿಪಡಿಸಿಕೊಂಡು, ಊರೆಲ್ಲ ಕೇಳುವಂತೆ ಓದಿದ. ಮೊದಲ ಸಾಲಿನ ನಡುವೆ ಅವನಿಗೆ ನಿರಾಶೆಯಾಯಿತು. ಎರಡನೆಯದಕ್ಕೆ ಮತ್ತೆ ಉತ್ಸಾಹ ಬಂತು. ಭಾವ ತಪ್ಪಿಸಿಕೊಂಡರೇನಾಯಿತು, ಇದೇ ಶಾಲೆಯಲ್ಲಿ ಎಡಗೈಯ ಬೆರಳು ಮುರಿಯುವಂತೆ ತನಗೆ ಹೊಡೆದಿದ್ದ ಮಾಸ್ತರರು ಸಿಕ್ಕಿದ್ದರು. ಮೂರನೆಯ ಸಲಕ್ಕೆ ಹಿಂದಿನ ಸಾಲಿನವರು ನಕ್ಕರು. ಐದನೆಯ ಸಲಕ್ಕೆ ಜನರೂ ದನಿಗೂಡಿಸಿದರು. ತಪ್ಪು ನನ್ನದು ಎಂದು ಕುಬೇರಪ್ಪ ಎಂದರೆ, ಅವನದಲ್ಲ ಎಂದು ಸಭೆ ಅನ್ನುತ್ತಿತ್ತು. ಬೀರಲಿಂಗಪ್ಪ ಸಂಕೋಚದಿಂದ ಮಾಸ್ತರರ ಕೈ ಮುಟ್ಟಿ, ನಿಲ್ಲಿಸಲು ಹೇಳಲೇ ಎಂದು ಕೇಳಿದ. ಮಾಸ್ತರರು ತಲೆಯಲ್ಲಾಡಿಸಿದರು. ಅವರ ಕಿವಿಗಳು ಕೆಂಪಾಗಿದ್ದವು, ಬೆನ್ನು ನೆಟ್ಟಗಿತ್ತು.

ಕುಬೇರಪ್ಪ ತೃಪ್ತನಾಗಿ ಪುಸ್ತಕ ಮುಚ್ಚಿದ. ಸಭೆ ಶಾಂತವಾಯಿತು. ಆಗ ದತ್ತಾತ್ರಿ ಮಾಸ್ತರರು ಕುರ್ಚಿಯಿಂದ ಎದ್ದರು.

"ಒಂಬತ್ತ ಓದೀದಿ," ಎಂದರು. "ಹಾಳಿ ಹೊಳ್ಳಿಸಿ ನೋಡು, ಹಿಂದ ಇನ್ನೊಂದದ. ಅದಕ್ಕೂ ಮುದ್ರಿ ಅದ. ಓದು."